ಮುಲ್ಜಿಮ್ ಬೇರೆ, ಮುಜ್ರಿಮ್ ಬೇರೆ: ಆರೋಪಿಯ ಹಕ್ಕುಗಳು ನಡೆದು ಬಂದ ದಾರಿ



ಉರ್ದು ತರಗತಿಯಲ್ಲಿ ಪ್ರತಿ ವರ್ಷ ನಾನು ಎರಡು ಪದಗಳನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. ಒಂದು ಮುಲ್ಜಿಮ್, ಇನ್ನೊಂದು ಮುಜ್ರಿಮ್. ಕಿವಿಗೆ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುತ್ತಾರೆ. ಇಲ್ಜಾಮ್, ಅಂದರೆ ಆರೋಪ ಹೊತ್ತವನು ಮುಲ್ಜಿಮ್. ಜುರ್ಮ್, ಅಂದರೆ ಅಪರಾಧ ಸಾಬೀತಾದವನು ಮುಜ್ರಿಮ್. ಕನ್ನಡದಲ್ಲಿ ಮೊದಲನೆಯವನು ಆರೋಪಿ, ಎರಡನೆಯವನು ಅಪರಾಧಿ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ. ಆದರೆ ಬದುಕಿನಲ್ಲಿ ಇದರ ಬೆಲೆ ಎಷ್ಟು ಎಂಬುದು ನನಗೆ ತಿಳಿದದ್ದು ಪಠ್ಯಪುಸ್ತಕದಿಂದ ಅಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಎಂಟನೇ ತರಗತಿಯ ಒಬ್ಬ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ, ಒಂದು ಕಳವಿನ ಪ್ರಕರಣದಲ್ಲಿ ಅವನ ತಂದೆಯನ್ನು ಕರೆದುಕೊಂಡು ಹೋಗಿದ್ದಾರೆ ಎಂದು ತಿಳಿಯಿತು. ಸರಕು ಸಾಗಿಸುವ ಆಟೋ ಓಡಿಸಿ ಮನೆ ನಡೆಸುತ್ತಿದ್ದ ಮನುಷ್ಯ. ಯಾವ ಕಾರಣಕ್ಕೆ ಕರೆದೊಯ್ದರು, ಎಲ್ಲಿ ಇಟ್ಟಿದ್ದಾರೆ, ಯಾರನ್ನು ಕೇಳಬೇಕು ಎಂಬುದು ಮನೆಯವರಿಗೆ ಗೊತ್ತಿರಲಿಲ್ಲ. ತಾಯಿ ಎರಡು ದಿನ ಠಾಣೆಯ ಎದುರಿನ ಮರದ ಕೆಳಗೆ ಕುಳಿತಿದ್ದರಂತೆ. ಶಿಕ್ಷಕರ ಕೊಠಡಿಯಲ್ಲಿ ಈ ಮಾತು ಬಂದಾಗ ಒಬ್ಬರು, "ಏನೂ ಮಾಡದೆ ಯಾರನ್ನೂ ಹಿಡಿಯುವುದಿಲ್ಲ ಬಿಡಿ" ಎಂದರು. ನಾನೂ ತಲೆಯಾಡಿಸಿದೆ. ಮುಲ್ಜಿಮ್, ಮುಜ್ರಿಮ್ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಡುವ ನಾನೇ ತಲೆಯಾಡಿಸಿದೆ.

ಮೂರನೆಯ ದಿನ ಆ ಮನುಷ್ಯನನ್ನು ಯಾವ ಪ್ರಕರಣವನ್ನೂ ದಾಖಲಿಸದೆ ಬಿಟ್ಟು ಕಳಿಸಿದರು. ಕದ್ದವನು ಬೇರೆ ಯಾರೋ ಎಂದು ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಓಣಿಯವರು ಹುಡುಗನಿಗೆ "ಕಳ್ಳನ ಮಗ" ಎಂದು ಹೆಸರಿಟ್ಟಾಗಿತ್ತು. ಅವನು ಮತ್ತೆ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆದೆ, ಬರಲಿಲ್ಲ. ಆ ಮೂರು ದಿನಗಳಲ್ಲಿ ಆ ತಾಯಿಗೆ ಹೇಳಬೇಕಾಗಿದ್ದ ಮಾತುಗಳು ನಾಲ್ಕೇ ನಾಲ್ಕು. ಅವು ನನಗೂ ಗೊತ್ತಿರಲಿಲ್ಲ. ಬಿ.ಎಡ್. ಓದಿದವರ ಸ್ಥಿತಿಯೇ ಹೀಗಾದರೆ ಅಕ್ಷರ ಬಾರದ ಆ ತಾಯಿಯ ಸ್ಥಿತಿ ಏನು? ಅಂದಿನಿಂದ ಈ ವಿಷಯವನ್ನು ಓದಲು ತೊಡಗಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲ

ನಮ್ಮ ದೇಶದಲ್ಲಿ ಆರೋಪಿಯ ಹಕ್ಕುಗಳ ಕಥೆ ಸ್ವಾತಂತ್ರ್ಯ ಹೋರಾಟದ ಜೊತೆಗೇ ಬೆಳೆದದ್ದು. 1919ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ರೌಲತ್ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಸಂಶಯದ ಮೇಲೆ ಯಾರನ್ನಾದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಿತ್ತು. ವಿಚಾರಣೆ ನಡೆದರೂ ಅದು ಮುಚ್ಚಿದ ಬಾಗಿಲ ಹಿಂದೆ. ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಜನರು ಇದನ್ನು ಒಂದೇ ಸಾಲಿನಲ್ಲಿ ಹೇಳಿದರು: "ನ ವಕೀಲ್, ನ ದಲೀಲ್, ನ ಅಪೀಲ್". ವಕೀಲನಿಲ್ಲ, ವಾದವಿಲ್ಲ, ಮೇಲ್ಮನವಿಯಿಲ್ಲ. ಇದನ್ನು ಪ್ರತಿಭಟಿಸಿ ಮಹಮ್ಮದ್ ಅಲಿ ಜಿನ್ನಾ, ಮದನ ಮೋಹನ ಮಾಳವೀಯ, ಮಜಹರುಲ್ ಹಕ್ ಅವರು ವೈಸರಾಯ್ ಶಾಸನ ಪರಿಷತ್ತಿಗೆ ರಾಜೀನಾಮೆ ಕೊಟ್ಟರು.

ಅಮೃತಸರದಲ್ಲಿ ಈ ಚಳವಳಿಯ ಮುಂದಾಳುಗಳು ಡಾ. ಸೈಫುದ್ದೀನ್ ಕಿಚ್ಲೂ ಮತ್ತು ಡಾ. ಸತ್ಯಪಾಲ್. 1919ರ ಏಪ್ರಿಲ್ 10ರಂದು ಇಬ್ಬರನ್ನೂ ಹಿಡಿದು ಧರ್ಮಶಾಲೆಗೆ ಸಾಗಿಸಲಾಯಿತು. ವಿಚಾರಣೆಯ ಮಾತೇ ಇರಲಿಲ್ಲ. ತಮ್ಮ ನಾಯಕರನ್ನು ಬಿಡಿ ಎಂದು ಕೇಳಲು ಹೊರಟ ಜನರ ಮೇಲೆ ಗುಂಡು ಹಾರಿತು. ಮೂರು ದಿನಗಳ ನಂತರ ನಡೆದದ್ದು ಜಲಿಯನ್‌ವಾಲಾ ಬಾಗ್. ಆ ಹತ್ಯಾಕಾಂಡದ ಬಗ್ಗೆ ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಆದರೆ ಅದರ ಮೂಲದಲ್ಲಿ ಇದ್ದದ್ದು "ಕಾರಣ ಹೇಳದೆ, ವಿಚಾರಿಸದೆ ಹಿಡಿಯಬಾರದು" ಎಂಬ ಒಂದು ಸರಳ ಬೇಡಿಕೆ ಎಂಬುದನ್ನು ಹೇಳಲು ಮರೆಯುತ್ತೇವೆ.

ಸಂವಿಧಾನ ರಚನಾ ಸಭೆಯಲ್ಲಿ ಸೋತ ಒಂದು ತಿದ್ದುಪಡಿ

ಜೈಲು ಕಂಡು ಬಂದ ನಾಯಕರೇ ಸಂವಿಧಾನ ಬರೆಯಲು ಕುಳಿತಾಗ ಆರೋಪಿಯ ಹಕ್ಕುಗಳು ಸಲೀಸಾಗಿ ಬಂದಿರಬೇಕು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ.

ಇಂದಿನ 21ನೇ ವಿಧಿ ಕರಡಿನಲ್ಲಿ 15ನೇ ವಿಧಿಯಾಗಿತ್ತು. ಯಾವ ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯವನ್ನೂ "ನ್ಯಾಯಸಮ್ಮತ ಪ್ರಕ್ರಿಯೆ" ಇಲ್ಲದೆ ಕಸಿಯಬಾರದು ಎಂಬ ಅಮೆರಿಕದ ಮಾದರಿಯ ಮಾತು ಮೊದಲು ಅದರಲ್ಲಿತ್ತು. ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು, ನಮ್ಮ ದಕ್ಷಿಣ ಕನ್ನಡ ಮೂಲದ ಮೇಧಾವಿ, ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಈ ಮಾತು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂದು ಫ್ರಾಂಕ್‌ಫರ್ಟರ್ ಹೇಳಿದರು. ಕರಡು ಸಮಿತಿ ಜಪಾನಿನ ಸಂವಿಧಾನವನ್ನು ನೋಡಿ "ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ" ಎಂಬ ಮಾತನ್ನು ಹಾಕಿತು. ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಯೋಚಿಸಿ: ಶಾಸನಸಭೆ ಒಂದು ಅನ್ಯಾಯದ ಕಾನೂನನ್ನೇ ಮಾಡಿದರೆ? ಹೊಸ ಮಾತಿನ ಪ್ರಕಾರ ಆ ಕಾನೂನು ಇದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು ಕೋರ್ಟು ಕೇಳುವಂತಿಲ್ಲ.

1948ರ ಡಿಸೆಂಬರ್ 6ರಂದು ಈ ವಿಧಿ ಚರ್ಚೆಗೆ ಬಂದಾಗ, ಮಧ್ಯಪ್ರಾಂತ್ಯ ಮತ್ತು ಬೇರಾರ್‌ನ ಸದಸ್ಯ ಕಾಜಿ ಸೈಯದ್ ಕರೀಮುದ್ದೀನ್ ಅವರು ಎದ್ದು ನಿಂತು ಹಳೆಯ ಮಾತನ್ನೇ ಮರಳಿ ತನ್ನಿ ಎಂದು ತಿದ್ದುಪಡಿ ಮಂಡಿಸಿದರು. ಸರಿಯಾದ ಕಾರಣವಿಲ್ಲದೆ ಮನೆಗಳನ್ನು ಶೋಧಿಸಬಾರದು ಎಂಬ ತಿದ್ದುಪಡಿಯನ್ನೂ ಇದೇ ದಿನಗಳಲ್ಲಿ ಅವರು ತಂದಿದ್ದರು. ಅದು ಉಪಯುಕ್ತವೆಂದು ಡಾ. ಅಂಬೇಡ್ಕರ್ ಅವರೇ ಒಪ್ಪಿದರೂ ಸಭೆ ಅಂತಿಮವಾಗಿ ಅಂಗೀಕರಿಸಲಿಲ್ಲ. ನ್ಯಾಯಸಮ್ಮತ ಪ್ರಕ್ರಿಯೆಯ ಪರವಾಗಿ ಸಂಯುಕ್ತ ಪ್ರಾಂತ್ಯದ ಜಡ್.ಎಚ್. ಲಾರಿ ಮಾತನಾಡಿದರು. ಕೆ.ಎಂ. ಮುನ್ಷಿಯವರೂ ಮಾತನಾಡಿದರು. ಪಕ್ಷ, ಪಂಗಡ ಬೇರೆಯಾದರೂ ಇವರೆಲ್ಲರ ಅಳುಕು ಒಂದೇ. ಅಂಬೇಡ್ಕರ್ ಅವರು ಎರಡೂ ಕಡೆಯ ವಾದವನ್ನು ವಿವರಿಸಿ, ತೀರ್ಮಾನವನ್ನು ಸಭೆಗೇ ಬಿಟ್ಟರು. ಡಿಸೆಂಬರ್ 13ರಂದು ತಿದ್ದುಪಡಿ ಬಿದ್ದುಹೋಯಿತು.

ಇಲ್ಲಿ ಒಂದು ದಿನಾಂಕವನ್ನು ಗಮನಿಸಿ. ಈ ಎರಡು ದಿನಗಳ ನಡುವೆ, ಡಿಸೆಂಬರ್ 10ರಂದು, ಪ್ಯಾರಿಸ್ ನಗರದಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ 9ನೇ ವಿಧಿ ಮನಬಂದಂತೆ ಬಂಧಿಸುವುದನ್ನು ನಿಷೇಧಿಸುತ್ತದೆ. 11ನೇ ವಿಧಿ, ಅಪರಾಧ ಸಾಬೀತಾಗುವವರೆಗೆ ಆರೋಪಿಯನ್ನು ನಿರಪರಾಧಿಯೆಂದೇ ಭಾವಿಸಬೇಕು ಎನ್ನುತ್ತದೆ. ಜಗತ್ತು ಅತ್ತ ಹಾಗೆ ಹೇಳಿದ ವಾರದಲ್ಲೇ ಇತ್ತ ದೆಹಲಿಯಲ್ಲಿ ಕರೀಮುದ್ದೀನ್ ಅವರ ತಿದ್ದುಪಡಿ ಸೋತಿತು.

ಆದರೆ ಅಸಮಾಧಾನ ತಣಿಯಲಿಲ್ಲ. ಮರು ವರ್ಷ, 1949ರ ಸೆಪ್ಟೆಂಬರ್ 15ರಂದು, ಅಂಬೇಡ್ಕರ್ ಅವರೇ ಹೊಸದೊಂದು ವಿಧಿಯನ್ನು ತಂದರು. ಹಿಂದೆ ಕೈಬಿಟ್ಟದ್ದಕ್ಕೆ ಇದು ಪರಿಹಾರ ಎಂಬರ್ಥದಲ್ಲಿ ಮಾತನಾಡಿದರು. ಅದೇ ಇಂದಿನ 22ನೇ ವಿಧಿ. ಬಂಧಿತನಿಗೆ ಕಾರಣ ತಿಳಿಸಬೇಕು, ತನ್ನ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೀಗೆ 1919ರ ಘೋಷಣೆಗೆ ಮೂವತ್ತು ವರ್ಷಗಳ ನಂತರ ಉತ್ತರ ಸಿಕ್ಕಿತು. ಪೂರ್ತಿ ಉತ್ತರವಲ್ಲ. ಅದೇ ವಿಧಿಯ ಮುಂದಿನ ಭಾಗಗಳು ಮುನ್ನೆಚ್ಚರಿಕೆಯ ಬಂಧನಕ್ಕೆ ಬಾಗಿಲು ತೆರೆದಿಟ್ಟವು. ಅಂಥ ಬಂಧಿತರಿಗೆ 24 ಗಂಟೆಯ ನಿಯಮವೂ ಇಲ್ಲ, ವಕೀಲರ ಹಕ್ಕೂ ಇಲ್ಲ. ಇಂದಿಗೂ ಇದು ಹಾಗೆಯೇ ಇದೆ.

ಒಂಟಿ ಧ್ವನಿಗಳು

ಕನ್ನಡಿಗರಾದ ನಮಗೆ ಫಜಲ್ ಅಲಿ ಎಂಬ ಹೆಸರು ಏಕೀಕರಣದ ಪಾಠದಿಂದ ಪರಿಚಿತ. ರಾಜ್ಯಗಳ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರು ಅವರು. 1955ರ ಅವರ ವರದಿಯ ನಂತರವೇ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಆದರೆ ಅದಕ್ಕೂ ಮೊದಲು ಅವರು ಮಾಡಿದ ಇನ್ನೊಂದು ದೊಡ್ಡ ಕೆಲಸ ನಮ್ಮಲ್ಲಿ ಅನೇಕರಿಗೆ ತಿಳಿಯದು.

1950ರಲ್ಲಿ, ಸಂವಿಧಾನ ಜಾರಿಯಾದ ಒಂದು ತಿಂಗಳಲ್ಲೇ, ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂದಿತು. ಮದ್ರಾಸಿನ ಜೈಲಿನಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆ ವರ್ಷದ ಮೇ 19ರಂದು ಆರು ನ್ಯಾಯಮೂರ್ತಿಗಳ ಪೀಠದ ಬಹುಮತ, ಶಾಸನಸಭೆ ಮಾಡಿದ ಕಾನೂನು ಇದ್ದರೆ ಸಾಕು, ಅದು ನ್ಯಾಯವೇ ಎಂದು ನೋಡುವುದು ನಮ್ಮ ಕೆಲಸವಲ್ಲ ಎಂದಿತು. ಕರೀಮುದ್ದೀನ್ ಅವರು ಹೆದರಿದ್ದೇ ನಡೆಯಿತು. ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ ಮಾತ್ರ ಇದನ್ನು ಒಪ್ಪಲಿಲ್ಲ. ಕಾರ್ಯವಿಧಾನ ಎಂದರೆ ಕನಿಷ್ಠ ನಾಲ್ಕು ಸಂಗತಿಗಳು ಇರಲೇಬೇಕು ಎಂದರು: ನೋಟಿಸು, ತನ್ನ ಮಾತು ಹೇಳಲು ಅವಕಾಶ, ನಿಷ್ಪಕ್ಷಪಾತ ನ್ಯಾಯಪೀಠ, ಕ್ರಮಬದ್ಧ ವಿಚಾರಣೆ. ಅಂದು ಅದು ಸೋತ ತೀರ್ಪು.

ಇನ್ನೊಂದು ಒಂಟಿ ಧ್ವನಿ ಕೇಳಿದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನಲ್ಲಿ ಬಂಧಿಸಿ ಅಲ್ಲಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಇಂದು ಅದೇ ಜಾಗ ಫ್ರೀಡಂ ಪಾರ್ಕ್ ಆಗಿದೆ. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದು ಎಂದು ದೇಶದ ಹಲವು ಹೈಕೋರ್ಟುಗಳು ಹೇಳಿದವು. ಅವುಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಎಂದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಇದೆ ಎಂದರು. ಅದರ ಬೆಲೆಯಾಗಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈ ತಪ್ಪಿತು. 1977ರ ಜನವರಿಯಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು.

ಕಾಲ ಈ ಎರಡೂ ಧ್ವನಿಗಳನ್ನು ಎತ್ತಿಹಿಡಿಯಿತು. 1978ರ ಜನವರಿ 25ರಂದು ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾನೂನು ಇದ್ದರೆ ಸಾಲದು, ಅದು ನ್ಯಾಯವೂ ಸಮಂಜಸವೂ ಆಗಿರಬೇಕು ಎಂದು ಹೇಳಿ ಫಜಲ್ ಅಲಿಯವರ ದಾರಿಗೆ ಬಂದಿತು. ಅದೇ ವರ್ಷದ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ ಎಂದಿತು. 1976ರ ತೀರ್ಪನ್ನು 2017ರಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು.

ಹುಸೈನಾರಾ ಖಾತೂನ್

ಇಲ್ಲಿಯವರೆಗೆ ಹೇಳಿದ್ದು ನಾಯಕರ, ನ್ಯಾಯಮೂರ್ತಿಗಳ ಕಥೆ. ಬಡವನ ಕಥೆ ಬೇರೆ. ಅವನಿಗೆ ಸಂವಿಧಾನದ ಹಕ್ಕು ಇದ್ದರೂ ಅದನ್ನು ಕೇಳಲು ವಕೀಲನಿಲ್ಲ, ಜಾಮೀನು ನಿಲ್ಲುವವರಿಲ್ಲ.

1979ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಿಹಾರದ ಜೈಲುಗಳ ಬಗ್ಗೆ ಲೇಖನಗಳು ಬಂದವು. ಬರೆದವರು ಕೆ.ಎಫ್. ರುಸ್ತುಂಜಿ. ಅವರು ಸ್ವತಃ ಪೊಲೀಸ್ ಅಧಿಕಾರಿ, ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥರು, ಆಗ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರು. ಸಣ್ಣಪುಟ್ಟ ಆರೋಪ ಹೊತ್ತ ಗಂಡಸರು, ಹೆಂಗಸರು, ಮಕ್ಕಳು ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಒಳಗಿದ್ದರು. ಆ ಅಪರಾಧ ಸಾಬೀತಾಗಿದ್ದರೂ ಸಿಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಕೆಲವರು ಆಗಲೇ ಜೈಲಿನಲ್ಲಿ ಕಳೆದಿದ್ದರು! ಮುಲ್ಜಿಮರು ಮುಜ್ರಿಮರಿಗಿಂತ ಹೆಚ್ಚು ಶಿಕ್ಷೆ ಅನುಭವಿಸುತ್ತಿದ್ದರು.

ಈ ಲೇಖನಗಳನ್ನು ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ, ಆ ಕೈದಿಗಳನ್ನು ಎಂದೂ ಕಂಡವರಲ್ಲ, ಅವರಿಂದ ವಕಾಲತ್ತು ಪಡೆದವರೂ ಅಲ್ಲ. ಆದರೂ ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕೈದಿಗಳ ಪಟ್ಟಿಯ ಮೊದಲ ಹೆಸರು ಹುಸೈನಾರಾ ಖಾತೂನ್. ಹೀಗಾಗಿ ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಆ ಬಡ ಹೆಂಗಸಿನ ಹೆಸರು ನಿಂತಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ, ತ್ವರಿತ ವಿಚಾರಣೆ 21ನೇ ವಿಧಿಯ ಭಾಗ, ಬಡ ಆರೋಪಿಗೆ ಉಚಿತ ವಕೀಲರನ್ನು ಕೊಡುವುದು ಸರ್ಕಾರದ ಕರ್ತವ್ಯ ಎಂದು ಸಾರಿತು. ಹಣದ ಜಾಮೀನು ಕೊಡಲಾಗದವರನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ಇದರ ಫಲವಾಗಿ ಸುಮಾರು 40,000 ವಿಚಾರಣಾಧೀನ ಕೈದಿಗಳು ಹೊರಬಂದರೆಂದು ಹೇಳಲಾಗುತ್ತದೆ. 1976ರಲ್ಲಿ ಬಂಧಿತರಿಗೆ ಬಾಗಿಲು ಮುಚ್ಚಿದ ನಾಲ್ವರಲ್ಲಿ ಭಗವತಿಯವರೂ ಒಬ್ಬರು ಎಂಬುದನ್ನು ನೆನೆದರೆ, ಮನುಷ್ಯರು ತಿದ್ದಿಕೊಳ್ಳಬಲ್ಲರು ಎಂಬ ಭರವಸೆ ಮೂಡುತ್ತದೆ.

ಜಾಮೀನಿನ ವಿಷಯದಲ್ಲಿ ಇನ್ನೊಂದು ಪ್ರಕರಣ ನೆನಪಿಡಬೇಕು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಕೆಳ ಕೋರ್ಟು 10,000 ರೂಪಾಯಿ ಜಾಮೀನು ಕೇಳಿತ್ತು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಲಾಗಿತ್ತು. ಬಡವನಿಗೆ ತೀರಿಸಲಾಗದ ಜಾಮೀನು ಕೇಳುವುದು ಜಾಮೀನು ನಿರಾಕರಿಸಿದಂತೆಯೇ ಎಂಬುದನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಪ್ರಕರಣದಲ್ಲಿ ಮನಗಾಣಿಸಿದರು.

ಮುಂದೆ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ಆರೋಪಿಗಳ ಕಣ್ಣುಗಳನ್ನೇ ಕುರುಡಾಗಿಸಿದ ಘೋರ ಪ್ರಕರಣ ಬೆಳಕಿಗೆ ಬಂದಾಗ, 1981ರಲ್ಲಿ ಸುಪ್ರೀಂ ಕೋರ್ಟು, ಉಚಿತ ವಕೀಲರ ಹಕ್ಕು ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದ ಮೊದಲ ದಿನದಿಂದಲೇ ಇದೆ ಎಂದಿತು. ಆರೋಪಿ ಕೇಳದಿದ್ದರೂ ಮ್ಯಾಜಿಸ್ಟ್ರೇಟರೇ ಅದನ್ನು ಅವನಿಗೆ ತಿಳಿಸಬೇಕು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು, ಠಾಣೆಗಳಲ್ಲಿ ಸಂಭವಿಸುತ್ತಿದ್ದ ಸಾವುಗಳ ಬಗ್ಗೆ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ 1996ರ ಡಿಸೆಂಬರ್ 18ರಂದು ಬಂಧನಕ್ಕೆ 11 ಸೂಚನೆಗಳನ್ನು ಕೊಟ್ಟಿತು. ಮೇ 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂಬ ತೀರ್ಪು ಬಂದಿತು.

"ಹಾಗಾದರೆ ನೊಂದವರ ಗತಿ?"

ಈ ಪ್ರಶ್ನೆಯನ್ನು ನೀವು ಕೇಳಿಯೇ ಕೇಳುತ್ತೀರಿ. ಕೇಳಬೇಕು ಕೂಡ. ಕಳವಾದವನಿಗೆ, ಕೊಲೆಯಾದವನ ಮನೆಯವರಿಗೆ ನ್ಯಾಯ ಬೇಡವೇ? ಬೇಕು. ಅದಕ್ಕಾಗಿಯೇ ಆರೋಪಿಯ ಹಕ್ಕುಗಳು ಬೇಕು. ಎರಡು ಪ್ರಕರಣಗಳನ್ನು ನೋಡಿ.

2008ರ ಮುಂಬೈ ದಾಳಿಯ ಕಸಬ್‌ಗೂ ನಮ್ಮ ದೇಶ ವಕೀಲರನ್ನು ಕೊಟ್ಟು, ಮೂರು ಹಂತದ ಕೋರ್ಟುಗಳಲ್ಲಿ ವಿಚಾರಿಸಿತು. 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟು ಅವನ ಗಲ್ಲು ಶಿಕ್ಷೆಯನ್ನು ಎತ್ತಿಹಿಡಿಯುವಾಗಲೇ, ಆರೋಪಿಗೆ ವಕೀಲರ ಹಕ್ಕನ್ನು ತಿಳಿಸುವುದು ಪ್ರತಿ ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು ಮತ್ತೊಮ್ಮೆ ಹೇಳಿತು. ಹಕ್ಕು ಕೊಟ್ಟದ್ದರಿಂದ ಅಪರಾಧಿ ತಪ್ಪಿಸಿಕೊಳ್ಳಲಿಲ್ಲ. ತೀರ್ಪಿಗೆ ತೂಕ ಬಂದಿತು.

ಇನ್ನೊಂದು, 2002ರ ಅಕ್ಷರಧಾಮ ದೇವಾಲಯದ ಮೇಲಿನ ದಾಳಿಯ ಪ್ರಕರಣ. ಆರು ಮಂದಿಗೆ ಶಿಕ್ಷೆಯಾಗಿತ್ತು, ಅವರಲ್ಲಿ ಮೂವರಿಗೆ ಮರಣದಂಡನೆ. 2014ರ ಮೇ 16ರಂದು ಸುಪ್ರೀಂ ಕೋರ್ಟು ತನಿಖೆಯನ್ನು ಕಟುವಾಗಿ ಟೀಕಿಸಿ ಆರೂ ಜನರನ್ನು ಖುಲಾಸೆ ಮಾಡಿತು. ಅವರ ಕಳೆದುಹೋದ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಅಷ್ಟೇ ಅಲ್ಲ, ಆ ದೇವಾಲಯದಲ್ಲಿ ತಮ್ಮವರನ್ನು ಕಳೆದುಕೊಂಡ ಕುಟುಂಬಗಳಿಗೂ ನ್ಯಾಯ ಸಿಗಲಿಲ್ಲ. ತಪ್ಪು ಮನುಷ್ಯನನ್ನು ಹಿಡಿದರೆ ನಿಜವಾದ ಅಪರಾಧಿ ಹೊರಗೆ ಉಳಿಯುತ್ತಾನೆ ಎಂಬುದು ನೆನಪಿರಲಿ.

ನಾವು ತಿಳಿದಿರಬೇಕಾದ ಮಾತುಗಳು

2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಲಂ ಸಂಖ್ಯೆಗಳು ಬದಲಾಗಿವೆ, ಈ ಮೂಲ ಹಕ್ಕುಗಳು ಉಳಿದಿವೆ. ಇವನ್ನು ಬರೆದಿಟ್ಟುಕೊಳ್ಳಿ.

1. ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಪತ್ರ ಬರೆದು ಮನೆಯವರ ಅಥವಾ ಸ್ಥಳೀಯ ಗಣ್ಯರೊಬ್ಬರ ಸಾಕ್ಷಿ ಸಹಿ ಪಡೆಯಬೇಕು. (ಕಲಂ 36)

2. ಬಂಧನದ ಕಾರಣ ತಿಳಿಸಬೇಕು. (22ನೇ ವಿಧಿ, ಕಲಂ 47) ಅದನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಭಾಷಾ ಶಿಕ್ಷಕರಾದ ನಮಗೆ ಇದು ವಿಶೇಷ ಸಂತೋಷದ ಸಂಗತಿ.

3. ಬಂಧನದ ವಿಷಯವನ್ನೂ ಇಟ್ಟಿರುವ ಸ್ಥಳವನ್ನೂ ಬಂಧುಗಳಿಗೆ ಅಥವಾ ಸ್ನೇಹಿತರಿಗೆ ಕೂಡಲೇ ತಿಳಿಸಬೇಕು. (ಕಲಂ 48)

4. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗಬಹುದು, ಆದರೆ ಇಡೀ ಅವಧಿ ಅವರು ಜೊತೆಗಿರುವ ಹಕ್ಕಿಲ್ಲ. (ಕಲಂ 38) ವೈದ್ಯಕೀಯ ಪರೀಕ್ಷೆ ಆಗಬೇಕು. (ಕಲಂ 53)

5. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. (ಕಲಂ 58) "ಸುಮ್ಮನೆ ವಿಚಾರಣೆಗೆ" ಎಂದು ಮೂರು ದಿನ ಇಟ್ಟುಕೊಳ್ಳಲು ಕಾನೂನಿನಲ್ಲಿ ಜಾಗವಿಲ್ಲ.

6. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ. (20ನೇ ವಿಧಿ) ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಕೋರ್ಟಿನಲ್ಲಿ ಅವನ ವಿರುದ್ಧ ಬಳಸುವಂತಿಲ್ಲ.

7. ಅಸಾಧಾರಣ ಸಂದರ್ಭ ಬಿಟ್ಟು, ಸೂರ್ಯಾಸ್ತದ ನಂತರ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. (ಕಲಂ 43) ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಹಿರಿಯರನ್ನು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ. (ಕಲಂ 179)

8. 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕು. (ಕಲಂ 187) ಕೆಲವು ವಿಶೇಷ ಕಾನೂನುಗಳಲ್ಲಿ ಈ ಅವಧಿ ಇನ್ನೂ ಹೆಚ್ಚು.

9. ಬಂಧನದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರಿಗೆ ಅರ್ಹರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದನ್ನು ಹೇಳುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ.

ಒಂದು ಎಚ್ಚರಿಕೆಯ ಮಾತು. ಹಕ್ಕು ತಿಳಿದಿದೆ ಎಂದು ಪೊಲೀಸರೊಡನೆ ಜಗಳಕ್ಕೆ ನಿಲ್ಲಬೇಡಿ, ಓಡಬೇಡಿ, ಸುಳ್ಳು ಹೆಸರು ಹೇಳಬೇಡಿ. ಶಾಂತವಾಗಿ ಕೇಳಿ, ದಿನಾಂಕ ಮತ್ತು ಸಮಯ ಬರೆದಿಟ್ಟುಕೊಳ್ಳಿ. ರುಸ್ತುಂಜಿಯವರಂತಹ ಅಧಿಕಾರಿಗಳೂ ಪೊಲೀಸ್ ಇಲಾಖೆಯಿಂದಲೇ ಬಂದವರು ಎಂಬುದನ್ನು ಮರೆಯಬೇಡಿ.

ಕೈ ಹಿಡಿಯುವುದು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನೂರರಲ್ಲಿ ಸುಮಾರು 76 ಮಂದಿ ಮುಲ್ಜಿಮರು, ಮುಜ್ರಿಮರಲ್ಲ. ಹುಸೈನಾರಾ ಖಾತೂನ್ ತೀರ್ಪು ಬಂದು ನಾಲ್ಕು ದಶಕಗಳಾದ ಮೇಲೂ ಇದು ನಮ್ಮ ಸ್ಥಿತಿ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಕೇಳುವ ಬಾಯಿ ಬೇಕು. ಆ ಬಾಯಿಯನ್ನು ಕೊಡುವುದು ವಿದ್ಯೆ. ನಮ್ಮ ಸಂಘದಂತಹ ವಿದ್ಯಾಸಂಸ್ಥೆಗಳು ವರ್ಷಕ್ಕೊಮ್ಮೆ, ಕಾನೂನು ಸೇವಾ ದಿನವಾದ ನವೆಂಬರ್ 9ರಂದು, ಒಬ್ಬ ವಕೀಲರನ್ನು ಕರೆಸಿ ಪೋಷಕರಿಗೆ ಒಂದು ಗಂಟೆ ತಿಳಿಸಿಕೊಟ್ಟರೂ ಎಷ್ಟೋ ಮನೆಗಳಿಗೆ ಉಪಕಾರವಾದೀತು. ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಾನೂನು ಓದಲು ಮುಂದೆ ಬರಲಿ ಎಂದೂ ಆಶಿಸುತ್ತೇನೆ.

ಕೊನೆಗೆ ಇನ್ನೊಂದು ಪದ. ಪಾರಸಿಯಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು. ಈ ಮೂಲದಿಂದಲೇ ಕನ್ನಡಕ್ಕೆ ದಸ್ತಗಿರಿ ಎಂಬ ಪದ ಬಂದು ಬಂಧನ ಎಂಬ ಅರ್ಥ ಪಡೆಯಿತು. ಉರ್ದುವಿನಲ್ಲಿ ದಸ್ತಗೀರಿ ಎಂದರೆ ಕಷ್ಟದಲ್ಲಿರುವವನ ಕೈ ಹಿಡಿಯುವುದು, ಆಸರೆಯಾಗುವುದು. ಎರಡೂ ಭಾಷೆಗಳನ್ನು ಕಲಿಸುವ ನಾನು ಈಗ ಈ ಎರಡೂ ಅರ್ಥಗಳನ್ನು ಮಕ್ಕಳಿಗೆ ಹೇಳುತ್ತೇನೆ. ಕನ್ನಡದ ದಸ್ತಗಿರಿ ಒಂದು ಮನೆಯ ಬಾಗಿಲಿಗೆ ಬಂದ ದಿನ, ಆ ಮನೆಗೆ ಉರ್ದುವಿನ ದಸ್ತಗೀರಿ ಅತ್ಯಂತ ಅಗತ್ಯ. ಅಂದು ಶಿಕ್ಷಕರ ಕೊಠಡಿಯಲ್ಲಿ ತಲೆಯಾಡಿಸುವ ಬದಲು ಎದ್ದು ಆ ಮರದ ಕೆಳಗೆ ಹೋಗಿದ್ದರೆ, ಒಬ್ಬ ಹುಡುಗ ಇಂದು ಪದವಿ ತರಗತಿಯಲ್ಲಿ ಇರುತ್ತಿದ್ದನೋ ಏನೋ. ನೀವು ಅಂಥ ತಪ್ಪು ಮಾಡಬೇಡಿ.